ಆರನೆಯ ಗೆರೆ

೨೦೧೯ರ ಆಗಸ್ಟ್ ೧೪, ಬೆಳಿಗ್ಗೆ ೯ ಗಂಟೆ ೪೦ ನಿಮಿಷ. ಸತ್ತವನ ಕೋಟು ತೊಟ್ಟು, ಸತ್ತವನ ಟೋಪಿ ಇಟ್ಟುಕೊಂಡು, ಮುಸೆಕಿವಾ ಶವಪೆಟ್ಟಿಗೆಯ ಸುತ್ತ ಓಡುತ್ತಿದ್ದ.

“ಅಯ್ಯಯ್ಯಪ್ಪಾ, ಕೋಣ ಬಂತು! ಲೇ ಸೆರಿನಾ, ನನ್ನ ಚಡ್ಡಿ ಎಲ್ಲೇ ಬಿತ್ತು?”

ಅಂಗಳವೆಲ್ಲ ನಕ್ಕಿತು. ಮುಸೆಕಿವಾ ಈ ಮನೆಯ ಸಹ್ವಿರಾ, ಅಜ್ಜಂದಿರ ಕಾಲದಿಂದ ಬಂದ ಗೆಳೆತನದವನು. ಹೆಣದ ಮುಂದೆ ಸತ್ತವನನ್ನು ಅಣಕಿಸುವುದು ಅವನ ಹಕ್ಕು. ಸಿಟ್ಟಾಗುವ ಹಕ್ಕು ಯಾರಿಗೂ ಇಲ್ಲ. ಸತ್ತ ಗ್ವತಿಜೊ ಜಾಂಬೆಜಿ ಕಣಿವೆಯಲ್ಲಿ ಮೂವತ್ತು ವರ್ಷ ಬೇಟೆಗಾರರ ಮುಂದೆ ಜಾಡು ಹಿಡಿದು ನಡೆದವನು. ಅಂಥವನು ಕಾಡುಕೋಣಕ್ಕೆ ಹೆದರಿ ಓಡಿ ಸತ್ತನೆಂಬ ಸುದ್ದಿ ಎರಡೇ ದಿನದಲ್ಲಿ ಊರು ಸುತ್ತಿತ್ತು. ಸುದ್ದಿ ತಂದವನು ಬೇಟೆಗಾರ ಚೆಂಜೆರಾಯಿ. ಅವನೀಗ ಮೊದಲ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಗುತ್ತಿದ್ದ.

*

ಸೋಮವಾರ, ಬಂದೂಕಿನ ಕೋಣೆಯಲ್ಲಿ ಗ್ವತಿಜೊ ಚೆಂಜೆರಾಯಿಗೆ ಹೇಳಿದ್ದ: “ಯಜಮಾನ್ರೆ, ರೈಫಲ್ ಸರಿಯಾಗೇ ಆರಿಸಿದೀರಿ. ಈ ದಪ್ಪ ಗುಂಡು ಆನೆನೂ ಮಲಗಿಸ್ತದೆ. ಆದ್ರೆ ಮೇಲಿನ ದುರ್ಬೀನು ಬಿಚ್ಚಿಡಿ. ಗಾಯದ ಕೋಣ ಪೊದೆಯಿಂದ ಎದೆ ಮೇಲೇ ಬರ್ತದೆ. ನಳಿಗೆ ತುದಿಯ ಗುರಿಮಣಿ ಸಾಕು.”

“ನೀನು ಜಾಡು ನೋಡು. ಗಾಜು ನಾನು ನೋಡ್ಕೋತೀನಿ.”

“ಕಣ್ಣು ಮಂಜಾಗಿದ್ರೆ ಹೇಳಿ. ನಾಚ್ಕೆ ಏನು ಬಂತು?”

ಐವತ್ತೆರಡರ ಕಣ್ಣಿಗೆ ಗುರಿಮಣಿ ಕಲಸಿದಂತೆ ಕಾಣುತ್ತಿತ್ತು. ಹೇಳಿದರೆ ಪರವಾನಗಿ ಹೋಗುತ್ತದೆ. ದುರ್ಬೀನಿನ ಬಳೆ ತಿರುಗಿಸಿ, ಒಂದೂವರೆ ಪಟ್ಟು ಮಾತ್ರ ದೊಡ್ಡದಾಗಿ ಕಾಣುವಂತೆ ಇಟ್ಟರೆ ಪೊದೆಯಲ್ಲೂ ನಡೆದೀತು ಎಂಬುದು ಚೆಂಜೆರಾಯಿಯ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಆದರೆ ಹೊಳೆಯಾಚೆಯ ರಣಹದ್ದುಗಳನ್ನು ನೋಡಲು ಅದನ್ನು ಆರು ಪಟ್ಟಿಗೆ ತಿರುಗಿಸಿದವನು ಮತ್ತೆ ಇಳಿಸಲು ಮರೆತ. ಹಿಂದಿನ ದಿನ ಬೇಟೆಗೆ ಬಂದ ಅತಿಥಿಯೊಬ್ಬ ಗಾಯಗೊಳಿಸಿದ್ದ ಕೋಣ ನುಗ್ಗಿದಾಗ ಗಾಜಿನ ತುಂಬ ಕಪ್ಪು ಕೂದಲಷ್ಟೇ ಇತ್ತು. ತಲೆ ಯಾವುದು, ಹೊಟ್ಟೆ ಯಾವುದು, ತಿಳಿಯಲಿಲ್ಲ.

*

“ನಿಲ್ಸೋ ಮುಸೆಕಿವಾ,” ಅಂದ, ಹೆಣ ತೊಳೆದಿದ್ದ ಸೋದರಳಿಯ ಕುಂಡಾಯಿ. “ಮಾವನ ಗಾಯ ಎದೆ ಮೇಲಿದೆ. ಬೆನ್ನಲ್ಲಿ ಒಂದು ಗೀರೂ ಇಲ್ಲ. ಏನು, ಹಿಂದ್ಹಿಂದಕ್ಕೆ ಓಡಿದ್ನಾ?”

ತಿಥಿಯೂಟಕ್ಕೆ ಸಾಡ್ಜಾ ಮುದ್ದೆ ತೊಳಸುತ್ತಿದ್ದ ಹೆಂಗಸರ ಕೈ ನಿಂತಿತು. ಗ್ವತಿಜೊನ ಹೆಂಡತಿ ಸೆರಿನಾ ಎದ್ದು ಚೆಂಜೆರಾಯಿಯ ಮುಂದೆ ಬಂದಳು.

“ಅಣ್ಣಾ, ಅಲ್ಲಿದ್ದೋರು ನೀವೊಬ್ರೇ. ಹೇಳ್ಬಿಡಿ. ಇವ್ರು ಓಡಿದ್ರಾ?”

ಅವನು ಅವಳ ಕಾಲ್ಬೆರಳುಗಳನ್ನು ನೋಡಿದ.

“ಓಡಿದ, ತಂಗಿ. ಕೊನೇಲಿ ಒಂದ್ಸಲ ತಿರುಗಿದ. ಅಷ್ಟೇ.”

“ಅದನ್ನ ಮೊದ್ಲೇ ಹೇಳ್ಬಾರ್ದಾ ಯಜಮಾನ್ರೆ! ಆಟ ಅರ್ಧಂಬರ್ಧ ಆಯ್ತಲ್ಲ!” ಮುಸೆಕಿವಾ ಓಡಿದ, ತಿರುಗಿದ, ಎದೆ ಹಿಡಿದು ಬಿದ್ದ. ನಗು ಮೊದಲಿಗಿಂತ ಜೋರಾಯಿತು.

ಸೆರಿನಾ ನಗಲಿಲ್ಲ. ಪೆಟ್ಟಿಗೆಯಲ್ಲಿ ಗಂಡನ ಪಕ್ಕ ತಾನೇ ಇಟ್ಟಿದ್ದ, ಅವನು ಜಾಡು ನೋಡಲು ಒಯ್ಯುತ್ತಿದ್ದ ಕೋಲನ್ನು ಹೊರತೆಗೆದು, ಮೊಣಕಾಲಿಗೆ ಒತ್ತಿ ಮುರಿದು, ಸಾಡ್ಜಾದ ಒಲೆಗೆ ಹಾಕಿದಳು.

ಚೆಂಜೆರಾಯಿ ತನ್ನ ಗಾಡಿಗೆ ಮರಳಿದ. ಸೀಟಿನ ಹಿಂದೆ ರೈಫಲ್ ಇತ್ತು. ದುರ್ಬೀನಿನ ಬಳೆ ಇನ್ನೂ ಆರನೆಯ ಗೆರೆಯ ಮೇಲಿತ್ತು. ಪ್ರತಿ ಬೇಟೆಯ ದೂರವನ್ನೂ ಟೇಪು ಹಿಡಿದು ಅಳೆಯುವುದು ಅವನ ರೂಢಿ. ಸೋಮವಾರವೂ ಅಳೆದಿದ್ದ. ಗ್ವತಿಜೊನ ಬರಿಗಾಲ ಗುರುತು ಕೋಣದ ಎದುರಿಗೇ ಊರಿ ನಿಂತಿತ್ತು, ಒಂದಿಂಚೂ ಸರಿದಿರಲಿಲ್ಲ. ಓಡಿದ್ದು ಬೂಟಿನ ಗುರುತು. ಅದನ್ನು ಓದಬಲ್ಲ ಒಬ್ಬನೇ ಒಬ್ಬ ಅಲ್ಲೇ ಸತ್ತು ಬಿದ್ದಿದ್ದ. ಸೊಪ್ಪಿನ ಕೊಂಬೆಯಿಂದ ಗುಡಿಸಿ ಅಳಿಸುವ ಮುನ್ನ ಚೆಂಜೆರಾಯಿ ಅದಕ್ಕೂ ಟೇಪು ಹಿಡಿದಿದ್ದ: ಮೂವತ್ತೊಂದು ಮೀಟರ್.