ಎಡಗಡೆ ಕೂತ ದನಿ

ಶಿರಸಿಯ ರೇಡಿಯೋ ಸೋಮ ಮಲ್ಟಿಮೀಟರಿನ ಎರಡು ಕಡ್ಡಿ ಊರಿದನೆಂದರೆ ಸಿದ್ದಾಪುರದಲ್ಲಿ ಕಡಿದ ತಂತಿ ಯಲ್ಲಾಪುರದಲ್ಲಿ ತಾನಾಗಿ ಕೂಡಿಕೊಳ್ಳುತ್ತಿತ್ತು. ಒಮ್ಮೆ ಘಟ್ಟದಲ್ಲಿ ಬಿದ್ದ ಸಿಡಿಲನ್ನೇ ಹಿಡಿದು, ಪಾಸಿಟಿವ್ ಯಾವುದು ನೆಗೆಟಿವ್ ಯಾವುದು ಎಂದು ನೋಡಿ ವಾಪಸು ಕಳಿಸಿದ್ದನಂತೆ. ಹಾಗೆಂದವನು ಸೋಮನೇ.

ಅಂಥವನ ಅಂಗಡಿಗೆ ತೊಂಬತ್ತೆಂಟರ ಒಂದು ಮಧ್ಯಾಹ್ನ ತ್ಯಾಗಲಿಯ ದೇವಕ್ಕ ವಾಕ್‌ಮನ್, ಹೆಡ್‌ಫೋನುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ಸೋಮಾ, ಇದ್ರಲ್ಲಿ ಬಲಗಡೆ ನನ್ನ ದನಿ ಮಾತ್ರ ಕೇಳ್ತು. ವಿನೋದಾ ಎಲ್ಲೂ ಇಲ್ಲೆ."

ವಿನೋದಾ ಅವಳ ತಂಗಿ. ಮೂವತ್ತು ವರ್ಷ ಇಬ್ಬರೂ ಮದುವೆಮನೆಗಳಲ್ಲಿ ಜೋಡಿಯಾಗಿ ಹಸೆಯ ಹಾಡು ಹೇಳಿದವರು. ಅಕ್ಕ ಒಂದು ಸಾಲು ಎತ್ತಿದರೆ ಮುಂದಿನದು ತಂಗಿಯದು. ಯಾರೋ ಒಬ್ಬರು ಅವರಿಬ್ಬರ ಎದುರೂ ಒಂದೊಂದು ಮೈಕು ಇಟ್ಟು, ತಂಗಿಯ ದನಿ ಎಡಕ್ಕೂ ಅಕ್ಕನದು ಬಲಕ್ಕೂ ಬರುವಂತೆ ಕ್ಯಾಸೆಟ್ ಮಾಡಿದ್ದರು. ಹೋದ ವರ್ಷ ವಿನೋದಾ ತೀರಿಕೊಂಡಳು. ಈಗ ದೇವಕ್ಕನಿಗೆ ತನ್ನ ಸಾಲು ಕೇಳುತ್ತದೆ, ಆಮೇಲೆ ಬರೀ ಮೌನ, ಮತ್ತೆ ತನ್ನದೇ ಸಾಲು.

"ಎಡಗಡೆ ವಯರು ಹೋಗಿದೆ. ನೀವು ಕಣ್ಣು ಮುಚ್ಚಿ ಬಿಡೋದ್ರೊಳಗೆ ವಿನೋದಕ್ಕ ಹಾಜರು!"

"ಬಡಾಯಿ ಸಾಕು ಮಾರಾಯಾ, ಮೊದಲು ನೋಡು."

ಸೋಮ ಒಂದು ಕಡ್ಡಿಯನ್ನು ಪ್ಲಗ್ಗಿನ ತುದಿಗೂ ಇನ್ನೊಂದನ್ನು ಎಡದ ಸ್ಪೀಕರಿಗೂ ಮುಟ್ಟಿಸಿದ. ತಂತಿ ಕಡಿದಿಲ್ಲ ಎಂಬಂತೆ ಮೀಟರು ಪೀಂ ಎಂದಿತು. ವಯರನ್ನು ಉದ್ದಕ್ಕೂ ಬಗ್ಗಿಸಿದ, ತಿರುಚಿದ, ಎಳೆದ. ಪೀಂ ನಿಲ್ಲಲಿಲ್ಲ. ತಾನೇ ಹಾಕಿಕೊಂಡು ಕ್ಯಾಸೆಟ್ ಓಡಿಸಿದ. ಎಡಗಿವಿಯಲ್ಲಿ ವಿನೋದಾ, ಉಸಿರೆಳೆದುಕೊಂಡದ್ದೂ ಕೇಳುವಷ್ಟು ಹತ್ತಿರ.

ದೇವಕ್ಕ ಬಲಗಿವಿಯನ್ನು ಅಂಗೈಗೆ ಒತ್ತಿ ಆನಿಸಿಕೊಂಡು ಬೀದಿ ನೋಡುತ್ತ ಕೂತಿದ್ದಳು. ಸೋಮ ಅವಳ ಎಡಗಿವಿಯ ಪಕ್ಕ ಮೀಟರು ಹಿಡಿದು ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿದ. ಪೀಂ. ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆಯೂ ತಿರುಗಿ ನೋಡಿತು, ದೇವಕ್ಕ ತಿರುಗಲಿಲ್ಲ.

ಮುಂಡಗೋಡದಿಂದ ಕಾರವಾರದವರೆಗೆ ಹೇಳದ ಸುಳ್ಳಿಲ್ಲದ ಬಾಯಿಗೆ ಈ ಒಂದು ನಿಜ ಬರಲಿಲ್ಲ. ಸುಮ್ಮನೆ ಪ್ಲಗ್ಗು ಬಿಚ್ಚಿ, ಎಡದ ವಯರನ್ನೂ ಬಲದ ವಯರನ್ನೂ ಸೇರಿಸಿ ಬೆಸುಗೆ ಹಾಕಿದ. ಎರಡೂ ದನಿ ಎರಡೂ ಕಡೆ ಬರುವಂತಾಯಿತು.

ದೇವಕ್ಕ ಹಾಕಿಕೊಂಡಳು. ತನ್ನ ಸಾಲು ಮುಗಿಯಿತು. ಒಮ್ಮೆಲೇ ಅವಳ ಕೈ ಮೇಜಿನ ಅಂಚನ್ನು ಹಿಡಿಯಿತು.

"ಬಂತು ಸೋಮಾ! ನಮ್ಮ ಕೂಸೇ."

ಸೋಮನಿಗೆ ನಾಲಿಗೆ ಮರಳಿತು. "ಏಳು ಕಡೆ ಕಡಿದಿತ್ತು ದೇವಕ್ಕ! ಹುಬ್ಬಳ್ಳಿ ಅಂಗಡಿಯವರಾಗಿದ್ರೆ ಆಗಲ್ಲ ಅಂತ ಕೈ ಮುಗಿದು ಕಳಿಸ್ತಿದ್ರು."

ವಿನೋದಾ ಹಾಡುವಾಗ ಯಾವತ್ತೂ ಅಕ್ಕನ ಎಡಕ್ಕೇ ಕೂರುತ್ತಿದ್ದಳು. ಅವಳೊಬ್ಬಳನ್ನೇ ಕೇಳುವ ಆಸೆಗೆ ದೇವಕ್ಕ ಬಲಗಡೆಯದನ್ನು ಕಿವಿಯಿಂದ ಸರಿಸಿದಳು. ಹಾಡು ನಿಂತುಹೋಯಿತು. ಮತ್ತೆ ಒತ್ತಿಕೊಂಡಳು, ಮತ್ತೆ ಸರಿಸಿದಳು.

"ಎಡಕ್ಕೆ ಈಗಲೂ ಎಂತದೂ ಇಲ್ಲೆ. ಏಳು ಕಡೆ ಬೇಡ, ಕಡಿದದ್ದು ಒಂದು ಜಾಗ ತೋರ್ಸು."

ಸೋಮ ವಯರು ಹಿಡಿದು ಬೆರಳಾಡಿಸಿದ. ಬೆರಳು ಎಲ್ಲೂ ನಿಲ್ಲಲಿಲ್ಲ. ಎದ್ದು ಅವಳ ಬಲಕ್ಕೆ ಬಂದು ನಿಂತ.

"ಎಲ್ಲೂ ಕಡಿದಿರ್ಲಿಲ್ಲ ದೇವಕ್ಕ. ವಯರು ಮೊದಲಿಂದ್ಲೂ ಸರಿಯೇ ಇತ್ತು. ಕೇಳದೇ ಇರೋದು ನಿಮ್ಮ ಎಡಗಿವಿಗೆ. ನನಗೆ ಹೇಳೋಕೆ ಆಗ್ಲಿಲ್ಲ. ವಿನೋದಕ್ಕನ್ನ ಈ ಬಲದ ಬದಿಗೆ ಕರ್ಕಂಡು ಬಂದೆ. ನಾ ಮಾಡಿದ್ದು ಅಷ್ಟೇ."