ಹೊಸಿಲಲ್ಲಿ ಚಾಚಿದ ಅಂಗೈ

ಹಂಡೆಯ ನೀರು ಕಾದು ಕಾದು ಅರ್ಧಕ್ಕಿಳಿದಿತ್ತು. ಆದರೂ ಚೊಂಬಿಗೆ ಕೈ ಹಾಕಿದವರು ಒಬ್ಬರೂ ಇರಲಿಲ್ಲ.

ಭದ್ರಾವತಿಯ ಜನ್ನಾಪುರದ ಆ ಪುಟ್ಟ ಮನೆಯ ಅಂಗಳದಲ್ಲಿ, ಬೆಂಚಿನ ಮೇಲೆ, ಕೃಷ್ಣಪ್ಪ ಬಿಳಿ ಪಂಚೆ ಹೊದ್ದು ಮಲಗಿದ್ದರು. ಬೆಳಗಾಗುತ್ತಲೇ ಎದೆನೋವೆಂದು ಎದ್ದು ಕೂತವರು ಹೆಂಡತಿ ಸಾವಿತ್ರಮ್ಮ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಎಪ್ಪತ್ತನಾಲ್ಕು ವರ್ಷ ಬಾಳಿ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳದೆ ಹೊರಟಿದ್ದರು. ಈಗ ಒಂದು ಚೊಂಬು ನೀರಿಗೆ ಕಾಯುವ ಹಾಗಾಗಿತ್ತು.

"ಭಾವ, ಮೊದಲ ಚೊಂಬು ನೀವು ಹಾಕ್ಬೇಕು," ಎಂದರು ಸಾವಿತ್ರಮ್ಮ.

ಕೃಷ್ಣಪ್ಪನ ಅಣ್ಣ ಚೌಡಪ್ಪ ಕಾಂಪೌಂಡಿನ ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಹಳ್ಳಿಯಿಂದ ಬಂದ ನೆಂಟರೂ ಅವರ ಹಿಂದೆಯೇ ಗುಂಪಾಗಿದ್ದರು.

"ಬೇಜಾರು ಮಾಡ್ಕೋಬೇಡ ಸಾವಿತ್ರಿ. ಸ್ನಾನ ಬೇಡ. ಹಂಗೇ ತಗೊಂಡು ಹೋಗಿಬಿಡೋಣ."

"ಯಾಕೆ?"

"ಯಾಕೆ ಅಂತ ನಿಂಗೊತ್ತಿಲ್ವಾ ಮಾರಾಯ್ತಿ? ಮೊಬೈಲಲ್ಲಿ ನೋಡಿದೀನಿ. ಹೊರದೇಶದಲ್ಲಿ ಇಂಥೋರನ್ನ ಸೀಸದ ಪೆಟ್ಟಿಗೇಲಿಟ್ಟು ಹೂಳ್ತಾರೆ. ಆ ವಿಷ ಮೂಳೆ ಒಳಗೇ ಕೂತಿರುತ್ತಂತೆ. ಮೈ ತೊಳೆದ ನೀರು ಚರಂಡಿಗೆ ಹೋಗುತ್ತೆ, ಚರಂಡಿ ಹೊಳೆಗೆ ಹೋಗುತ್ತೆ. ಮಕ್ಕಳು ಮರಿ ಇರೋ ಊರು."

ಸಾವಿತ್ರಮ್ಮನಿಗೆ ಅಳು ನಿಂತುಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂತು.

"ಇಪ್ಪತ್ತಾರು ವರ್ಷ ಇದೇ ಬಚ್ಚಲಲ್ಲಿ ಮಿಂದಿದ್ದಾರೆ ಭಾವ. ಅದೇ ಚರಂಡಿ, ಅದೇ ಹೊಳೆ. ಅವತ್ತೆಲ್ಲಾ ಹಾಳಾಗದೇ ಇರೋ ಊರು ಇವತ್ತು ಹಾಳಾಗುತ್ತಾ? ಸ್ನಾನ ಆಗದೆ ನನ್ನ ಗಂಡ ಈ ಅಂಗಳ ಬಿಟ್ಟು ಏಳಲ್ಲ. ಅದೂ ನಿಮ್ಮಗಳ ಕೈಯಿಂದಲೇ ಆಗ್ಬೇಕು."

ಮಗಳು ಭೂಮಿಕಾ ಅಮ್ಮನ ಹೆಗಲು ಹಿಡಿದಳು. "ನಾನು ಹಾಕ್ತೀನಮ್ಮ."

"ನೀನು ಹಾಕೋದು ಗೊತ್ತು. ಅವರು ಹಾಕ್ಬೇಕು. ಹೊರಗಿನವರ ಹಾಗೆ ಕಳಿಸೋಕೆ ಅವರೇನು ತಪ್ಪು ಮಾಡಿದ್ರು?"

 ಉತ್ತರ ಎಲ್ಲರ ಮನಸ್ಸಿನಲ್ಲೂ ಇತ್ತು. ಕೃಷ್ಣಪ್ಪ ಫಿಟ್ಟರ್ ಆಗಿದ್ದ ಆ ದೂರದ ಅಣುಸ್ಥಾವರದಲ್ಲಿ ಇಪ್ಪತ್ತಾರು ವರ್ಷದ ಹಿಂದೆ ಅಪಘಾತವಾದಾಗ ಇಬ್ಬರು ಸತ್ತಿದ್ದರು. ಸುತ್ತಲಿನ ಒಂಬತ್ತು ಹಳ್ಳಿಗಳ ಜನ ಉಟ್ಟ ಬಟ್ಟೆಯಲ್ಲಿ ಲಾರಿ ಹತ್ತಿದ್ದರು. ಕರೆದ ಹಾಲನ್ನು ವಿಕಿರಣದ ಭಯಕ್ಕೆ ತಿಂಗಳುಗಟ್ಟಲೆ ಗುಂಡಿಗೆ ಸುರಿದಿದ್ದರು. ಅಪಘಾತಕ್ಕೆ ಕಾರಣವಾಗಿ ಮಾನವ ದೋಷ ಎಂದು ಪೇಪರಿನಲ್ಲಿ ಎರಡು ಪದ ಬಂತು. ಯಾವ ಮಾನವ ಎಂದು ಬರಲಿಲ್ಲ. ಭದ್ರಾವತಿಗೆ ಗೊತ್ತಿದ್ದ ಮಾನವ ಕೃಷ್ಣಪ್ಪ ಒಬ್ಬರೇ, ಹಾಗಾಗಿ ದೋಷವೂ ಅವರದ್ದೇ ಆಯಿತು. ಭೂಮಿಕಾಳನ್ನು ನೋಡಲು ಬಂದ ಎರಡು ಗಂಡಿನ ಮನೆಯವರು ಹುಡುಗಿಯ ರಕ್ತಪರೀಕ್ಷೆಯ ಚೀಟಿ ಕೇಳಿದ್ದರು. ಕಾಫಿ ಲೋಟವನ್ನಂತೂ ಮುಟ್ಟಲೇ ಇಲ್ಲ.

* * *

ಅಪಘಾತವಾದ ಹನ್ನೆರಡನೆಯ ದಿನ ಕೃಷ್ಣಪ್ಪ ಕ್ವಾರ್ಟರ್ಸಿಗೆ ಬಂದಿದ್ದರು. ಮೈಮೇಲೆ ಯಾರದೋ ದೊಗಲೆ ಬಟ್ಟೆ, ಕಾಲಲ್ಲಿ ಯಾರದೋ ಚಪ್ಪಲಿ. ಮದುವೆಯ ಉಂಗುರ, ವಾಚು, ಬೆಲ್ಟು ಎಲ್ಲವನ್ನೂ ಸ್ಥಾವರದವರು ಕಸದ ಡ್ರಮ್ಮಿಗೆ ಹಾಕಿ ಸೀಲ್ ಮಾಡಿದ್ದರು. ಬ್ಯಾಂಡೇಜು ಬಿಚ್ಚಿದ್ದ ಎರಡೂ ಅಂಗೈ ಮುಂದಕ್ಕೆ ಚಾಚಿ, ಹೊಸಿಲ ಆಚೆಗೇ ನಿಂತರು. ಸ್ಥಾವರದಿಂದ ಹೊರಬರುವಾಗ ವಿಕಿರಣ ಅಳೆಯುವ ಮೆಷಿನ್ನಿನ ಮುಂದೆ ಹಾಗೇ ನಿಲ್ಲಬೇಕು, ಹಸಿರು ದೀಪ ಹತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ ಎಂದು ಹಿಂದೊಮ್ಮೆ ಹೇಳಿದ್ದರು.

"ಮೂವತ್ತು ಸಲ ತೊಳೆದಿದ್ದಾರೆ ಸಾವಿತ್ರಿ. ಮುಟ್ಟಬಹುದಂತೆ. ಆದ್ರೂ ನೀನು ಬೇಡ ಅಂದ್ರೆ ಬೇಡ."

ಸಾವಿತ್ರಮ್ಮ ಒಂದು ಕ್ಷಣ ಹೆದರಿದ್ದು ನಿಜ. ಮರುಕ್ಷಣ ತಮ್ಮ ಎರಡೂ ಅಂಗೈಗಳನ್ನು ಆ ಅಂಗೈಗಳ ಮೇಲಿಟ್ಟರು.

"ಕ್ಲೀನ್. ಒಳಗೆ ಬನ್ನಿ, ಅನ್ನ ಆರ್ತಿದೆ."

ಅಂದಿನಿಂದ ಅದೊಂದು ಆಟವಾಯಿತು. ಆ ವರ್ಷವೇ ನೌಕರಿ ಬಿಟ್ಟು ಭದ್ರಾವತಿಗೆ ಬಂದ ಮೇಲೂ ತರಕಾರಿ ತಂದಾಗ, ಪೆನ್ಷನ್ ಆಫೀಸಿಗೆ ಹೋಗಿ ಬಂದಾಗ, ಕೃಷ್ಣಪ್ಪ ಹೊಸಿಲಲ್ಲಿ ನಿಂತು ಅಂಗೈ ಚಾಚುತ್ತಿದ್ದರು. ಸಾವಿತ್ರಮ್ಮ ಕ್ಲೀನ್ ಎನ್ನದೆ ಒಳಗೆ ಬರುತ್ತಿರಲಿಲ್ಲ. ಚೌಡಪ್ಪ ಒಮ್ಮೆ ಅದನ್ನು ಕಂಡು, "ಇದೇನು ಗಂಡ ಹೆಂಡ್ತಿ ನಾಟಕ!" ಎಂದು ನಕ್ಕಿದ್ದರು.

* * *

ಗೇಟಿನ ಮುಂದೆ ಆಟೋ ನಿಂತಿತು. ಕೋಲೂರಿಕೊಂಡು ಇಳಿದವರು ಸುದರ್ಶನ. ಆ ಸ್ಥಾವರದಲ್ಲೇ ಎಂಜಿನಿಯರ್ ಆಗಿದ್ದವರು, ಈಗ ಶಿವಮೊಗ್ಗದ ನವುಲೆಯಲ್ಲಿ ಮನೆ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ ಬಂದು, ಜಗುಲಿಯಲ್ಲಿ ಕೂತು, ಕೃಷ್ಣಪ್ಪನ ಜೊತೆ ತಗ್ಗಿದ ದನಿಯಲ್ಲಿ ಎರಡು ಮಾತಾಡಿ ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ ಮನುಷ್ಯ.

ಅರ್ಧಕ್ಕಿಳಿದ ಹಂಡೆ, ಒಣಗಿದ ಬೆಂಚು, ದೂರ ನಿಂತ ಜನ, ಎಲ್ಲವನ್ನೂ ಅವರು ನೋಡಿದರು. ಭೂಮಿಕಾ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಸುದರ್ಶನ ಶರ್ಟು ಬಿಚ್ಚಿ ಅವಳ ಕೈಗೆ ಕೊಟ್ಟರು. ಎದೆಯ ಮೇಲೆ ಜನಿವಾರ ಜೋತಾಡುತ್ತಿತ್ತು. ಚೊಂಬಿಗೆ ನೀರು ತೋಡಿಕೊಂಡು, ತಣ್ಣೀರು ಬೆರೆಸಿ, ಕೃಷ್ಣಪ್ಪನ ಪಾದಗಳ ಮೇಲೆ ಹುಯ್ದರು.

"ಸ್ವಾಮಿ, ಬೇಡ," ಎಂದರು ಚೌಡಪ್ಪ. "ನಿಮಗ್ಯಾಕೆ?"

"ನನಗೇ ಬೇಕು. ಇವನು ಯಾರು ಅಂತ ನಿಮಗೆ ಗೊತ್ತಿಲ್ಲ." ಸುದರ್ಶನ ಇನ್ನೊಂದು ಚೊಂಬು ತೋಡಿಕೊಂಡರು. "ನಮ್ಮಲ್ಲಿ ಸ್ಥಾವರನ ತಣ್ಣಗಿಡೋ ಒಂದು ಪಂಪಿತ್ತು. ಅದು ಅದುರಿದ್ರೆ ಬೆಲ್ ಹೊಡೀಬೇಕು. ಆ ಬೆಲ್ಲು ದಿನಕ್ಕೆ ಹತ್ತು ಸಲ ಸುಮ್ಸುಮ್ನೆ ಹೊಡ್ಕೊಳ್ತಿತ್ತು. ಕಿರಿಕಿರಿ ಅಂತ ಯಾರೋ ಅದಕ್ಕೆ ಟೇಪ್ ಸುತ್ತಿದ್ರು. ಕೃಷ್ಣಪ್ಪ ಮೂರು ಸಲ ಬರೆದು ಕೊಟ್ಟ, ಬೆಲ್ ಕಟ್ಟಿಹಾಕಿದಾರೆ, ಪಂಪ್ ನಿಜವಾಗ್ಲೂ ಅದುರ್ತಿದೆ, ನಿಲ್ಲಿಸಿ ನೋಡಿ ಅಂತ. ಮೂರು ಸಲವೂ 'ನೋಡಿದ್ದೇನೆ' ಅಂತ ಸೈನ್ ಹಾಕಿದೋನು ನಾನು. ನಾನು ನೋಡಿರ್ಲಿಲ್ಲ."

 ಸಾವಿತ್ರಮ್ಮ ಸೆರಗು ಬಾಯಿಗೊತ್ತಿಕೊಂಡರು. ಅಪಘಾತದ ದಿನ ಗಂಡ ಬೆಂಕಿಯ ಒಳಗೆ ಹೋಗಿದ್ದು ಅವರಿಗೆ ಗೊತ್ತಿತ್ತು, ಮೂರು ಸಲ ಬರೆದು ಕೊಟ್ಟಿದ್ದು ಗೊತ್ತಿರಲಿಲ್ಲ.

"ಪಂಪ್ ಸಿಕ್ಕಿಕೊಂಡು ಬೆಂಕಿ ಹತ್ತಿ ಪೈಪು ಬಿರೀತು, ವಿಷ ಸೋರೋಕೆ ಶುರುವಾಯ್ತು. ಒಳಗೆ ಹೋಗಿ ಒಂದು ವಾಲ್ವನ್ನ ಕೈಯಲ್ಲೇ ಮುಚ್ಚಬೇಕಿತ್ತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡ್ತಾ ನಿಂತ್ವಿ. ಇವನು ಹೋದ. ಕಾದ ಚಕ್ರನ ಮೂವತ್ತೇಳು ಸುತ್ತು ತಿರುಗಿಸಿದ. ಅದಾಗದಿದ್ರೆ ಒಂಬತ್ತು ಹಳ್ಳಿ ಅಲ್ಲ, ಒಂದು ಜಿಲ್ಲೆನೇ ಖಾಲಿ ಆಗ್ತಿತ್ತು. ಸತ್ಯ ಹೇಳಿಬಿಡ್ತೀನಿ ಅಂತ ಪ್ರತಿವರ್ಷ ಇಲ್ಲಿಗೆ ಬರ್ತಿದ್ದೆ. 'ಟೇಪ್ ಸುತ್ತಿದ್ದು ಎಲ್ಲರಿಗೂ ಗೊತ್ತಿತ್ತು ಸಾರ್, ನಾನೂ ಮೂರು ಸಲ ಬರೆದು ಸುಮ್ಮನಾದೆ, ನಾಲ್ಕನೇ ಸಲ ಬರೀಬೇಕಿತ್ತು' ಅಂತಿದ್ದ. ನನ್ನ ಬಾಯಿ ಮುಚ್ಚಿಸ್ತಿದ್ದ. ನಾನೂ ಮುಚ್ಚಿಕೊಂಡು ಹೋಗ್ತಿದ್ದೆ, ಹೇಡಿ."

ಅವರು ಕೃಷ್ಣಪ್ಪನ ಬಲಗೈ ಎತ್ತಿ, ಅಂಗೈ ಬಿಡಿಸಿ ತೋರಿಸಿದರು. ಅಲ್ಲಿ ರೇಖೆಗಳೇ ಇರಲಿಲ್ಲ. ಸುಟ್ಟು ಮಾಗಿದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಚೌಡಪ್ಪ ಗೋಡೆ ಬಿಟ್ಟು ಬಂದರು. ತಮ್ಮ ಬದುಕಿದ್ದಾಗ ಆ ಕೈಯನ್ನು ಇಪ್ಪತ್ತಾರು ವರ್ಷ ಹಿಡಿಯದೆ ದೂರದಿಂದಲೇ ಮಾತಾಡಿಸಿದ್ದರು. ಈಗ ಬಾಗಿ ಹಿಡಿದುಕೊಂಡರು.

"ಅಯ್ಯೋ ಕಿಟ್ಟಾ," ಎಂದರು. "ಒಂದು ಮಾತು ಹೇಳಬಾರದಿತ್ತೇನೋ!"

"ನಾನು ಹೇಳಿದ್ದೆ ಭಾವ, ಅವರು ವಾಲ್ವ್ ಮುಚ್ಚೋಕೆ ಹೋಗಿದ್ರು ಅಂತ," ಎಂದರು ಸಾವಿತ್ರಮ್ಮ. "ನೀವು ನಂಬಲಿಲ್ಲ."

ಚೌಡಪ್ಪ ಚೊಂಬು ತಗೊಂಡು ತಮ್ಮನ ತಲೆಗೆ ನೀರು ಹಾಕಿದರು, ಸೀಗೆಪುಡಿ ಹಚ್ಚಿ ಚಿಕ್ಕ ಮಗುವಿಗೆ ಉಜ್ಜುವ ಹಾಗೆ ಉಜ್ಜಿದರು. ಆಮೇಲೆ ನೆಂಟರು ಸಾಲುಗಟ್ಟಿದರು. ಪಕ್ಕದ ಮನೆಯ ಸೆಲ್ವಿ, "ಅಕ್ಕಾ, ನಮ್ಮನೇದೂ ಹಾಕ್ರೀ," ಎಂದು ಎರಡು ಕೊಡ ನೀರು ಹೊತ್ತು ತಂದಳು. ಅಂಗಳ ತುಂಬಿ ನೀರು ಬೀದಿಗಿಳಿಯಿತು. ಯಾರೂ ಕಾಲು ಹಿಂದೆಗೆಯಲಿಲ್ಲ. ಸಾವಿತ್ರಮ್ಮ ತಲೆ ಎತ್ತಿ ನಿಂತು ನೋಡಿದರು. ಮದುವೆಯ ದಿನವೂ ಇಷ್ಟು ಹೆಮ್ಮೆ ಅವರಿಗೆ ಆಗಿರಲಿಲ್ಲ.

ಬೆಂಕಿ ಇಟ್ಟವಳು ಭೂಮಿಕಾ. ಮಡಕೆ ಹಿಡಿದು ಅವಳ ಪಕ್ಕದಲ್ಲಿ ನಡೆದವರು ಚೌಡಪ್ಪ.

ಹೊಳೆಯಲ್ಲಿ ಮುಳುಗಿ ಎಲ್ಲರೂ ಹಿಂದಿರುಗುವಾಗ ಮಧ್ಯಾಹ್ನ ಇಳಿದಿತ್ತು. ಮನೆಯೊಳಗೆ, ಕೃಷ್ಣಪ್ಪ ಕೊನೆಯುಸಿರೆಳೆದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಒಬ್ಬೊಬ್ಬರೇ ಕಾಲು ತೊಳೆದು ಒಳಗೆ ಹೋಗಿ ದೀಪ ನೋಡಿ ಬಂದರು. ಚೌಡಪ್ಪ ಮಾತ್ರ ಹೊಸಿಲ ಆಚೆಗೇ ಉಳಿದರು.

"ಬನ್ನಿ ಭಾವ, ದೀಪ ನೋಡಿ."

ಅವರು ಬರಲಿಲ್ಲ. ಒದ್ದೆ ಪಂಚೆಯಲ್ಲಿ ನಿಂತೇ, ತಮ್ಮ ನಿಲ್ಲುತ್ತಿದ್ದ ಹಾಗೆಯೇ, ಎರಡೂ ಅಂಗೈ ಮುಂದಕ್ಕೆ ಚಾಚಿದರು. ಮುದಿ ಕೈಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಸಾವಿತ್ರಮ್ಮ ಎದ್ದು ಬಂದು ತಮ್ಮ ಅಂಗೈಗಳನ್ನು ಅವುಗಳ ಮೇಲಿಟ್ಟರು.