ಪಕ್ಕದ ಚಾದರ

"ಯಾರಿಂದ ಕಾಪಾಡ್ತಿದ್ದೀಯಮ್ಮ ಈ ಜಾಗಾನ?"

ಬೆನ್ನ ಹಿಂದೆ ದೊಡ್ಡಕ್ಕನ ದನಿ ಕೇಳಿದಾಗ ಅವಳು ಎರಡನೆಯ ಚಾದರದ ಮೂಲೆಯನ್ನು ಎಳೆದು ಸರಿಮಾಡುತ್ತಿದ್ದಳು. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಎಡಕ್ಕೆ ಬಂಡೆಗಳವರೆಗೆ, ಬಲಕ್ಕೆ ಕಣ್ಣು ಹಾಯುವವರೆಗೆ ಮರಳೇ ಮರಳು, ನರಪಿಳ್ಳೆಯೂ ಇರಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಅವಳು ಒಂದು ನೀಲಿ ಚಾದರ, ಅದಕ್ಕೆ ಒತ್ತಿಕೊಂಡು ಒಂದು ಚೌಕುಳಿ ಚಾದರ ಹಾಸಿದ್ದಳು. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದು ಎಂಬಂತೆ ಎರಡರ ಹೊರ ಅಂಚನ್ನೂ ಒಳಗೆ ಮಡಚಿದ್ದಳು.

ಅವಳು ತಲೆಯೆತ್ತಿ ಸುತ್ತ ನೋಡಿದಳು. ತಾನು ಮಾಡಿದ್ದೇನೆಂದು ಆಗಲೇ ಗೊತ್ತಾದದ್ದು.

"ಅಭ್ಯಾಸ ಅಕ್ಕ," ಎಂದಳು.

ದೊಡ್ಡಕ್ಕ ಅವಳ ಗಂಡನ ಅಕ್ಕ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದವರು. ಯಾವ ಹುಡುಗಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿದೆ, ಯಾವುದು ಅತ್ತು ಕೆಂಪಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರಂತೆ. ಮಂಡಿನೋವಿದ್ದ ಅವರು ಕೈಯೂರಿ ಮೆಲ್ಲಗೆ ಬಗ್ಗಿ ಚೌಕುಳಿ ಚಾದರದ ಮೇಲೆ ಕೂರಲು ಹೋದರು.

"ಅಲ್ಲಿ ಬೇಡ ಅಕ್ಕ. ನನ್ನದರ ಮೇಲೆ ಕೂತ್ಕೊಳ್ಳಿ."

ದೊಡ್ಡಕ್ಕನ ಹುಬ್ಬು ಗಂಟಿಕ್ಕಿತು. ಅವಳದ್ದರ ಮೇಲೂ ಕೂರದೆ, ಬರಿಯ ಮರಳಿನ ಮೇಲೆ ದೊಪ್ಪನೆ ಕುಳಿತರು. ಅಲ್ಲಿಂದಲೇ ಅವರಿಗೆ ಚೌಕುಳಿ ಚಾದರದ ಮೂಲೆಗಳು ಕಂಡವು. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಜೊತೆ ಚಪ್ಪಲಿ ಇಟ್ಟಿತ್ತು. ಗಂಡಸಿನ ಚಪ್ಪಲಿ, ಬಲಗಾಲಿನ ಹಿಮ್ಮಡಿ ಸವೆದದ್ದು. ಚಿಕ್ಕವನಿದ್ದಾಗಿನಿಂದ ಅವರ ತಮ್ಮ ಬಲಗಾಲನ್ನು ಎಳೆದು ನಡೆಯುತ್ತಿದ್ದ. ದೊಡ್ಡಕ್ಕ ಸಮುದ್ರದ ಕಡೆ ಮುಖ ತಿರುಗಿಸಿದರು.

ಮದುವೆಯಾದ ಮೇಲೆ ಪ್ರತಿವರ್ಷ ಗಂಡಹೆಂಡತಿ ರಜೆಗೆ ಹೋಗುತ್ತಿದ್ದುದು ಎಲ್ಲರೂ ಹೋಗುವ ಆ ದೊಡ್ಡ ಊರಿಗೆ. ಅಲ್ಲಿ ಎಳ್ಳು ಹಾಕಿದರೆ ಎಳ್ಳು ಕೆಳಗೆ ಬೀಳದಷ್ಟು ಜನ. ಬೆಳಕು ಹರಿಯುವ ಮೊದಲೇ ಒಬ್ಬರು ಹೋಗಿ ಚಾದರ ಹಾಸಿ ಜಾಗ ಹಿಡಿಯಬೇಕು. ಒಂದಿಷ್ಟು ತಡವಾದರೆ ಸಮುದ್ರ ಕಾಣುವುದು ಯಾರದೋ ಹೊಟ್ಟೆಯ ಆಚೆಗೆ. ಹಾಸಿ ಕಾಯುವುದು ಅವಳ ಕೆಲಸ, ಚಹಾ ತರುವುದು ಅವನ ಕೆಲಸ. ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಹೋಟೆಲಿನ ಲಿಫ್ಟ್ ಒಂಚೂರು ಕಿರುಗುಟ್ಟಿದರೂ ನಿಂತು ಕಿವಿಗೊಡುತ್ತಿದ್ದ. ಅವನು ಫ್ಲಾಸ್ಕ್ ಹಿಡಿದು ಬರುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. "ಇಲ್ಲಿ ಸಮುದ್ರ ನೋಡೋಕೂ ಕ್ಯೂ ನಿಲ್ಲಬೇಕು. ಮುಂದಿನ ವರ್ಷ ಯಾವುದಾದ್ರೂ ಖಾಲಿ ಜಾಗಕ್ಕೆ ಹೋಗೋಣ," ಎಂದು ಪ್ರತಿ ಸಲ ಗೊಣಗುತ್ತಿದ್ದ. ಮುಂದಿನ ವರ್ಷ ಮತ್ತೆ ಅಲ್ಲಿಗೇ ಟಿಕೆಟ್ ತೆಗೆಸುತ್ತಿದ್ದ.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವನು ಹೋಗಿಬಿಟ್ಟ. ಎದೆನೋವು ಎಂದು ಸೇರಿಸಿದ್ದು ಅವಳು ಕೆಲಸ ಮಾಡುವ ಆಸ್ಪತ್ರೆಗೇ. ಅವಳದು ಅಲ್ಲಿನ ಬಟ್ಟೆಕೋಣೆಯ ಕೆಲಸ. ಒಗೆದು ಬಂದ ಬೆಡ್‌ಶೀಟುಗಳನ್ನು ಇಡೀ ದಿನ ಮಡಿಸಿ ಕಪಾಟಿಗೆ ಜೋಡಿಸುವುದು. ಅವನನ್ನು ಮಂಚದಿಂದ ಇಳಿಸಿ ಕೊಂಡೊಯ್ದ ಮೇಲೆ ಅವಳು ಆ ಮಂಚದ ಬೆಡ್‌ಶೀಟನ್ನು ತೆಗೆದು, ಕೊಡವಿ, ಮೂಲೆಗೆ ಮೂಲೆ ಕೂಡಿಸಿ ಮಡಿಸಿದಳು. ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ ಅದನ್ನು ನೋಡಿದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಹೆಂಗಸೋ ಕಲ್ಲೋ ಎಂದು ನೆಂಟರೆದುರು ಆಡಿಯೂಬಿಟ್ಟರು. ಮಾತು ಅವಳ ಕಿವಿಗೂ ಬಿತ್ತು. ಅವಳಿಗೆ ಸಿಟ್ಟು ಬರಲಿಲ್ಲ. ಇರಬಹುದು ಎನಿಸಿತು.

ಮಕ್ಕಳಿಲ್ಲದ ಅವಳಿಗೆ ಇನ್ನು ಉಳಿದವರು ದೊಡ್ಡಕ್ಕ ಒಬ್ಬರೇ, ಮದುವೆಯೇ ಆಗದ ದೊಡ್ಡಕ್ಕನಿಗೆ ಅವಳೊಬ್ಬಳೇ. ನಡುವೆ ಗಂಟಾಗಿದ್ದವನು ಅವನು. ಅವನೇ ಇಲ್ಲದ ಮೇಲೆ ಆ ಗಂಟು ತಾನಾಗಿ ಬಿಚ್ಚಿಹೋಗಬಹುದಿತ್ತು. ಹಾಗಿರುವಾಗ ದೊಡ್ಡಕ್ಕನೇ ಫೋನ್ ಮಾಡಿ, "ಅವನು ಹೇಳ್ತಿದ್ನಲ್ಲ, ಅಂಥ ಖಾಲಿ ಜಾಗ ಒಂದಿದೆಯಂತೆ, ಹೋಗಿಬರೋಣ" ಎಂದರು. ಯಾಕೆ ಎಂದು ಇಬ್ಬರಿಗೂ ಗೊತ್ತಿತ್ತು. ಇವಳಿಗೆ ನನ್ನ ತಮ್ಮ ಬೇಕಾಗಿದ್ದನೋ ಇಲ್ಲವೋ ಎಂದು ದೊಡ್ಡಕ್ಕನಿಗೆ ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಇಲ್ಲವೆಂದಾದರೆ ವಾಪಸು ಬಂದು ಇಳಿದಲ್ಲಿ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.

ಅವರಿಗೆ ಸಿಕ್ಕ ಕೋಣೆ ಮಹಡಿಯ ಮೇಲೆ. ಎರಡು ಕಬ್ಬಿಣದ ಮಂಚ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ. ಮನೆಯೊಡತಿ ಮಾತಿನ ಮಲ್ಲಿ.

"ಇಲ್ಲಿ ನೋಡೋಕೆ ಏನಿದೆ?" ಎಂದು ಮೊದಲ ದಿನವೇ ದೊಡ್ಡಕ್ಕ ಕೇಳಿದ್ದರು.

"ಏನೂ ಇಲ್ಲ. ಅದನ್ನ ನೋಡೋಕೇ ಬರ್ತಾರೆ," ಎಂದಳು ಒಡತಿ. "ದೊಡ್ಡ ಊರಿನ ಗದ್ದಲ ಸಾಕಾಗಿ ಬರ್ತಾರೆ, ಸ್ವರ್ಗ ಸ್ವರ್ಗ ಅಂತಾರೆ. ಎರಡು ದಿನ ಆದ್ಮೇಲೆ ಮೆಲ್ಲಗೆ ಬಸ್ ಎಷ್ಟೊತ್ತಿಗೆ ಅಂತ ಕೇಳ್ತಾರೆ. ನೀವು ಯಾವಾಗ ಕೇಳ್ತೀರೋ ನೋಡೋಣ."

ದೊಡ್ಡಕ್ಕ ನಕ್ಕರು. ಅವಳಿಗೂ ನಗಬೇಕೆಂದು ಗೊತ್ತಾಯಿತು, ತುಟಿ ಅಗಲಿಸಿದಳು.

ದಿನಗಳು ಹಾಗೇ ಹೋದವು. ಬೆಳಿಗ್ಗೆ ಎದ್ದು ಅವಳು ಚಾದರ ಹಾಸುವಳು. ಬೇಡ ಬೇಡ ಎಂದುಕೊಂಡೇ ಇಳಿದುಹೋದರೂ ಕೈ ಎರಡನ್ನೂ ಬಿಡಿಸುತ್ತಿತ್ತು. ಆ ಮೊದಲ ಬೆಳಿಗ್ಗೆ ಬಿಟ್ಟರೆ ದೊಡ್ಡಕ್ಕ ಬಿಸಿಲೇರಿದ ಮೇಲೆ ಬಂದು ಮರಳಿನ ಮೇಲೆ ಕೂರುವರು. ಅವಳು ನೀರಿಗಿಳಿದು ಮೊಣಕಾಲುದ್ದಕ್ಕೆ ನಿಲ್ಲುವಳು. ನೀರು ತಣ್ಣಗಿದೆಯೇ ಎಂದು ದೊಡ್ಡಕ್ಕ ಕೂಗಿ ಕೇಳಿದರೆ ಒಂದು ಗಳಿಗೆ ಯೋಚಿಸಿ, "ಇರಬೇಕು" ಎನ್ನುವಳು. ಎಲ್ಲವೂ ಗಾಜಿನಾಚೆಗೆ ನಡೆಯುತ್ತಿದ್ದಂತಿತ್ತು. ದುಃಖ ಬರಲಿ ಎಂದು ಅವಳು ನಿಜವಾಗಿಯೂ ಕಾದಿದ್ದಳು. ಅದು ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಒಡತಿ ಚಹಾ ತಂದಿಟ್ಟಳು. ಅವಳು ಎತ್ತಿ ಒಂದೇ ಗುಟುಕಿಗೆ ಅರ್ಧ ಕುಡಿದಳು.

"ಕುದೀತಾ ಇದೆಯಲ್ಲೇ ಅದು," ಎಂದರು ದೊಡ್ಡಕ್ಕ.

"ಹೌದಾ?"

ದೊಡ್ಡಕ್ಕ ತಮ್ಮ ಲೋಟ ಕೆಳಗಿಟ್ಟರು. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನ ಅವರದಲ್ಲ.

"ಒಂದು ಕೇಳ್ತೀನಿ. ಆವತ್ತು ಅವನನ್ನ ಆ ಕಡೆ ತಗೊಂಡು ಹೋದ್ರು, ನೀನು ಈ ಕಡೆ ಬೆಡ್‌ಶೀಟ್ ಮಡಿಸ್ತಾ ನಿಂತೆ. ಯಾಕೆ?"

"ಗೊತ್ತಿಲ್ಲ ಅಕ್ಕ. ಕೈ ಮಡಿಸ್ತು."

"ಕೈ ಮಡಿಸ್ತು."

"ಹೂಂ. ನಾನು ನೋಡ್ತಾ ಇದ್ದೆ."

ದೊಡ್ಡಕ್ಕ ಬಹಳ ಹೊತ್ತು ಅವಳ ಕಣ್ಣನ್ನೇ ನೋಡಿದರು. ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು. "ಈಗ ಆ ಎರಡನೇ ಚಾದರಾನೂ ಕೈಯೇ ಹಾಸುತ್ತಾ?"

"ಆ ಊರಲ್ಲಿ ಹಾಸಲೇಬೇಕಿತ್ತು. ಇಲ್ದಿದ್ರೆ ಬೇರೆಯವರು ಕೂತ್ಬಿಡೋರು. ನಿಮ್ಮ ತಮ್ಮ ಚಹಾ ತಗೊಂಡು ಬರೋದು ಯಾವಾಗ್ಲೂ ತಡ ಅಲ್ವಾ. ಅಷ್ಟರಲ್ಲಿ ಹತ್ತು ಜನ ಬಂದು ಕೇಳೋರು."

"ಏನಂತ?"

"ಇಲ್ಲಿ ಯಾರಾದ್ರೂ ಇದ್ದಾರಾ ಅಂತ."

"ನೀನೇನು ಹೇಳ್ತಿದ್ದೆ?"

"ಇದ್ದಾರೆ, ಈಗ ಬರ್ತಾರೆ, ಅಂತಿದ್ದೆ." ಅವಳು ಲೋಟದ ತಳ ನೋಡಿದಳು. "ಬೆಳಗ್ಗೆಯೆಲ್ಲ ಅದೇ ಮಾತು. ಬಾಯಿಪಾಠ ಆಗಿಹೋಗಿತ್ತು. ಇಲ್ಲಿ ಯಾರೂ ಕೇಳಲ್ಲ."

ದೊಡ್ಡಕ್ಕ ತಮ್ಮ ಚಹಾ ಆರುವವರೆಗೂ ಹಾಗೇ ಕುಳಿತಿದ್ದರು. ಸಂಜೆ ಮೆಟ್ಟಿಲಿಳಿಯುವಾಗ, ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಅವರೇ ವಿಚಾರಿಸಿದ್ದು ಅವಳಿಗೆ ಕೇಳಿಸಿತು. ಒಡತಿ ಗೆದ್ದವಳಂತೆ ನಕ್ಕಳು. ಆಗಿಹೋಯಿತು, ತೀರ್ಮಾನವಾಯಿತು ಎಂದು ಅವಳಿಗೆ ಅನ್ನಿಸಿತು. ಒಂಟಿಯಾಗಿ ಮನೆಯ ಬೀಗ ತೆಗೆಯುವುದನ್ನು ಮನಸ್ಸಿನಲ್ಲೇ ನೋಡಿದಳು. ಅದೂ ನೋವೆನಿಸಲಿಲ್ಲ, ಕಾಲು ಜೋಮು ಹಿಡಿದಾಗ ಚಿವುಟಿದರೆ ಆಗುವಷ್ಟೇ.

ಮರುದಿನ ಬೆಳಿಗ್ಗೆ ಗಾಳಿ ಜೋರಾಗಿತ್ತು. ಅವಳು ನೀಲಿ ಚಾದರ ಹಾಸಿ ತನ್ನ ಚಪ್ಪಲಿ ಇಟ್ಟಳು, ಚೌಕುಳಿ ಚಾದರ ಹಾಸಿ ಅವನ ಚಪ್ಪಲಿ ಇಟ್ಟಳು. ಕುಳಿತು, ಮೊಣಕಾಲು ತಬ್ಬಿಕೊಂಡು, ಅಲೆಗಳನ್ನು ನೋಡುತ್ತ ಕಾದಳು. ಯಾರನ್ನು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹಿಂದಿನಿಂದ ಮರಳಿನ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಬಿಸಿಲೇರುವ ಮುನ್ನವೇ ದೊಡ್ಡಕ್ಕ ಬಂದಿದ್ದರು, ಮಂಡಿಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಒಡತಿಯ ಫ್ಲಾಸ್ಕ್ ಹಿಡಿದು. ಚೌಕುಳಿ ಚಾದರದ ಅಂಚಿಗೆ ಬಂದು ನಿಂತರು. ಕೂರಲಿಲ್ಲ. ಸವೆದ ಹಿಮ್ಮಡಿಯ ಚಪ್ಪಲಿಯನ್ನು ನೋಡಿದರು. ಆಮೇಲೆ ಗುರುತಿಲ್ಲದವರು ಕೇಳುವ ಹಾಗೆ, ಮರ್ಯಾದೆಯಿಂದ ಕೇಳಿದರು.

"ಇಲ್ಲಿ ಯಾರಾದ್ರೂ ಇದ್ದಾರಾ?"

ಅವಳ ಬಾಯಿ ತಾನಾಗಿ ತೆರೆಯಿತು. "ಇದ್ದಾ..." ಎಂದಳು. ಆ ಊರಿನಲ್ಲಿ ಅವನ ದಾರಿ ನೋಡುತ್ತಿದ್ದ ಹಾಗೆಯೇ ಅವಳ ತಲೆ ರಸ್ತೆಯ ಕಡೆ ತಿರುಗಿತು. ರಸ್ತೆ ಅಲ್ಲೇ ಇತ್ತು, ಬಂಡೆಗಳವರೆಗೆ ನೇರವಾಗಿ, ಪೂರ್ತಿ ಖಾಲಿಯಾಗಿ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ದೊಡ್ಡಕ್ಕ ಅವಸರ ಮಾಡಲಿಲ್ಲ. ನೋಯುವ ಕಾಲಿನ ಮೇಲೆಯೇ ನಿಂತಿದ್ದರು.

"ಇಲ್ಲ," ಎಂದಳು. ದನಿ ಒಡೆದು ಬಂತು. ಹೇಳಿದ್ದು ತನಗೇ ಕೇಳಿಸಲಿಲ್ಲ ಎಂಬಂತೆ ಮತ್ತೊಮ್ಮೆ ಹೇಳಿದಳು. "ಯಾರೂ ಇಲ್ಲ ಅಕ್ಕ. ಕೂತ್ಕೊಳ್ಳಿ."

ದೊಡ್ಡಕ್ಕ ಅವಳ ಭುಜ ಹಿಡಿದು ಬಗ್ಗಿ, ಚೌಕುಳಿ ಚಾದರದ ಮೇಲೆ ಕುಳಿತರು. ಕೂತಮೇಲೂ ಭುಜ ಬಿಡಲಿಲ್ಲ. ಅತ್ತದ್ದು ಅವರು, ಮುಖ ಮುಚ್ಚಿಕೊಳ್ಳದೆ, ಸದ್ದಿಲ್ಲದೆ. ಅವಳಿಗೆ ತನ್ನ ಪಾದಗಳು ಚಳಿಗೆ ಮರಗಟ್ಟಿವೆ ಎಂದು ಆಗ ಗೊತ್ತಾಯಿತು. ಮರಳು ಇಷ್ಟು ತಣ್ಣಗಿತ್ತೇ ಎಂದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಅವಳು ಕೈಚಾಚಿ ಅವನ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ, ಒಂದಕ್ಕೊಂದು ಬಡಿದು ಮರಳು ಕೊಡವಿ, ಮಡಿಲಲ್ಲಿ ಇಟ್ಟುಕೊಂಡಳು. ಗಾಳಿ ಹಾಗೇ ಬೀಸುತ್ತಿತ್ತು. ಚಾದರ ಹಾರಲಿಲ್ಲ.